ರನ್‌ವೇ ಎದುರಿಗೇ ಕಾಣುವಾಗ ಪೈಲಟ್ ಗೋ ಅರೌಂಡ್ (ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಲು ಯಾಕೆ ಹಿಂಜರಿಯುತ್ತಾರೆ? ತರಬೇತಿಯಲ್ಲಿ ಇದನ್ನು ಹೇಗೆ ಕಲಿಸ್ತಾರೆ?

ಬದಿಯಡ್ಕ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರ ಹೈಯರ್ ಸೆಕೆಂಡರಿಯಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಪ್ಲಸ್ ಟು ಮುಗಿಸುತ್ತಿರುವ ಇಬ್ಬರು ಮಕ್ಕಳು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಹೋಗುವ ತಯಾರಿಯಲ್ಲಿದ್ದಾರೆ. ಇಬ್ಬರೂ ಹತ್ತನೆಯವರೆಗೆ ಕನ್ನಡ ಮೀಡಿಯಂ, ಲೆಕ್ಕದಲ್ಲಿ ಚುರುಕು. ಮನೆಯವರಿಗೆ ಫೀಸಿಗಿಂತ ದೊಡ್ಡ ಚಿಂತೆ ಬೇರೆಯೇ ಉಂಟು. ಕಾಸರಗೋಡಿನಲ್ಲಿ ವಿಮಾನದ ಮಾತು ಬಂದರೆ ಮಂಗಳೂರಿನ ಬಜ್ಪೆ ನಿಲ್ದಾಣದ ವಿಮಾನ ಅಪಘಾತದ ನೆನಪು ಬಾರದೆ ಇರುವುದಿಲ್ಲ. 2010ರ ಮೇ 22ರಂದು ಅಲ್ಲಿ ತೀರಿಹೋದ 158 ಮಂದಿಯಲ್ಲಿ ನಮ್ಮ ಜಿಲ್ಲೆಯವರು ಅನೇಕರು. ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು, ಕೋಝಿಕ್ಕೋಡಿನಲ್ಲಿ 21 ಮಂದಿ ಹೋದರು. ಎರಡೂ ದುಬೈಯಿಂದ ಬಂದ ಬೋಯಿಂಗ್ 737-800 ವಿಮಾನಗಳು. ಎರಡರಲ್ಲೂ ಇಂಜಿನು ಸರಿಯಿತ್ತು. ಎರಡೂ ಮೇಲೇರಿ ಇನ್ನೊಮ್ಮೆ ಬರಬಹುದಾಗಿತ್ತು. ಪಕ್ಕದ ಸೀಟಿನವರು "ಗೋ ಅರೌಂಡ್" ಎಂದು ಹೇಳಿದ್ದರು ಎಂದೂ ಎರಡು ತನಿಖಾ ವರದಿಗಳಲ್ಲಿ ಉಂಟು.

ಮಕ್ಕಳು ನನ್ನ ಹತ್ತಿರ ಕೇಳಿದ್ದು ಇದನ್ನೇ. ಮುಂದಿನ ರನ್‌ವೇ ಸಾಲದು ಎಂದು ಲೆಕ್ಕ ಹೇಳ್ತದೆ, ಯಂತ್ರ ಕೂಗಿ ಹೇಳ್ತದೆ, ಪಕ್ಕದವರು ಹೇಳ್ತಾರೆ, ಮತ್ತೆ ಯಾಕೆ ಇಳಿಸುವುದು? ಇಂಥದ್ದು ಆಗದ ಹಾಗೆ ಸಣ್ಣ ವಿಮಾನದ ತರಬೇತಿಯಲ್ಲೇ ಏನಾದರೂ ಕಲಿಸ್ತಾರಾ, ಅಥವಾ ಏರ್‌ಲೈನ್ ಸೇರಿದ ಮೇಲೆಯಾ? ಫ್ಲೈಯಿಂಗ್ ಸ್ಕೂಲು ನೋಡಲು ಹೋದಾಗ ಈ ವಿಷಯದಲ್ಲಿ ಏನು ವಿಚಾರಿಸಬೇಕು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಬೇಕು.

ಸೆಂಟರ್‌ಲೈನ್ (ಫ್ಲೈಯಿಂಗ್ ಇನ್‌ಸ್ಟ್ರಕ್ಟರ್, ಕುಂಬಳೆ)

ಮಾಷ್ಟ್ರೇ, ಮಕ್ಕಳು ಕೇಳಿದ್ದು ಈ ವಿದ್ಯೆಯ ಬುಡದ ಪ್ರಶ್ನೆ. ನೀವು ಫಿಸಿಕ್ಸಿನವರು, ಲೆಕ್ಕದಿಂದಲೇ ಶುರು ಮಾಡ್ತೇನೆ.

ಜೆಟ್ ವಿಮಾನ ಸಾವಿರ ಅಡಿ ಇಳಿಯಲಿಕ್ಕೆ ಸುಮಾರು 3 ನಾಟಿಕಲ್ ಮೈಲಿ (ಒಂದೆಂದರೆ 1.85 ಕಿ.ಮೀ.) ಬೇಕು. 37,000 ಅಡಿಯಿಂದ ಇಳಿಯಬೇಕಾದರೆ 111 ಮೈಲಿ, ವೇಗ ಕಡಿಮೆ ಮಾಡಲಿಕ್ಕೆ ಇನ್ನೊಂದು ಹತ್ತು ಮೈಲಿ. ಬಜ್ಪೆಯ ಅಪಘಾತದ ದಿನ ಮಂಗಳೂರಿನ ರೇಡಾರ್ ಕೆಟ್ಟಿತ್ತು, ಹಾಗಾಗಿ ಇಳಿಯಲು ಅನುಮತಿ ತಡವಾಗಿ ಸಿಕ್ಕಿ ಆ ವಿಮಾನ 37,000 ಅಡಿಯಿಂದ ಇಳಿಯತೊಡಗಿದಾಗ ಉಳಿದದ್ದು ಸುಮಾರು 77 ಮೈಲಿ. ಅಂದರೆ ಕಷ್ಟ ಅಲ್ಲೇ ಹುಟ್ಟಿತ್ತು. ಅದನ್ನು ಸರಿಮಾಡಲು ದಾರಿಗಳೂ ಇದ್ದವು: ಸ್ಪೀಡ್ ಬ್ರೇಕ್ (ರೆಕ್ಕೆಯ ಮೇಲೆ ಗಾಳಿಗೆ ಅಡ್ಡ ಏಳುವ ಹಲಗೆ) ಎತ್ತಿ ಇಳಿಯುವುದು, ಚಕ್ರ ಬೇಗ ಬಿಡುವುದು, ಇವೆರಡೂ ಸಾಲದಿದ್ದರೆ ಒಂದು ಸುತ್ತು ಹೊಡೆದು ಎತ್ತರ ಕಳೆದುಕೊಂಡು ಮತ್ತೆ ಬರುವುದು. ಕೊನೆಯದಕ್ಕೆ ಹತ್ತು ನಿಮಿಷ ಮತ್ತು ಸ್ವಲ್ಪ ಇಂಧನ ಹೋಗ್ತದೆ, ಅಷ್ಟೆ.

ಇನ್ನೊಂದು ಸುಲಭದ ಲೆಕ್ಕ. 3 ಡಿಗ್ರಿ ಇಳಿಜಾರಿನಲ್ಲಿ ಬರುವಾಗ ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಸಿಗ್ತದೆ. 140 ನಾಟ್ (ಗಂಟೆಗೆ 140 ನಾಟಿಕಲ್ ಮೈಲಿ) ಇದ್ದರೆ 700 ಅಡಿ. ಹಿಂದಿನಿಂದ 10 ನಾಟ್ ಗಾಳಿ ಬಂದರೆ 750. ಮಾಪಕದಲ್ಲಿ 1,500 ಕಂಡರೆ ಇಳಿಜಾರು ದುಪ್ಪಟ್ಟು ಕಡಿದಾಗಿದೆ ಎಂದೇ ಅರ್ಥ. ಬಜ್ಪೆಯಲ್ಲಿ ಕೊನೆಯ ಹಂತದಲ್ಲಿ ಅದು 4,000ದ ಹತ್ತಿರ ಹೋಗಿತ್ತು. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಸುಮಾರು 5,200 ಅಡಿ ಒಳಗೆ. ರನ್‌ವೇಯ ಒಟ್ಟು ಉದ್ದ 8,033 ಅಡಿ.

ಇನ್ನು "ಮತ್ತೆ ಯಾಕೆ ಇಳಿಸುವುದು". ಒಂದು ಕೆಲಸ ಮುಗಿಯುವ ಹತ್ತಿರ ಬಂದಷ್ಟೂ ಅದನ್ನು ಬಿಡಲಿಕ್ಕೆ ಮನಸ್ಸು ಒಪ್ಪುವುದಿಲ್ಲ. ನಾಲ್ಕು ಗಂಟೆ ಹಾರಿ ಬಂದು ರನ್‌ವೇ ಕಣ್ಣಿಗೆ ಬಿದ್ದ ಮೇಲೆ ಮೆದುಳು "ಇಳಿಸಬೇಕಾ ಬೇಡವಾ" ಎಂದು ತೂಗುವುದನ್ನು ನಿಲ್ಲಿಸಿ "ಹೇಗೆ ಇಳಿಸುವುದು" ಎಂಬುದಕ್ಕೆ ಇಳಿದುಬಿಡ್ತದೆ. ಕೆಲಸದ ಒತ್ತಡ ಏರುವಾಗ ಗಮನ ಕಿರಿದಾಗ್ತದೆ, ಅದರಲ್ಲೂ ಕಿವಿ ಮೊದಲು ಸೋಲ್ತದೆ. ಕಣ್ಣು ರನ್‌ವೇಯನ್ನು ಹಿಡಿದುಕೊಂಡಿರ್ತದೆ, ಆದರೆ "ಸಿಂಕ್ ರೇಟ್, ಪುಲ್ ಅಪ್" (ಇಳಿಯುವ ದರ ಹೆಚ್ಚಾಗಿದೆ, ಮೇಲೆತ್ತು) ಎಂದು ಯಂತ್ರ ಕೂಗುವುದು ಒಳಗೆ ಇಳಿಯುವುದೇ ಇಲ್ಲ. ಇದು ಹೆಡ್ಡರಿಗೆ ಮಾತ್ರ ಆಗುವುದೆಂದು ಮಕ್ಕಳು ತಿಳಿಯಬಾರದು. ಸಾವಿರಾರು ಗಂಟೆ ಹಾರಿದವರಿಗೂ ಆಗ್ತದೆ. ಫ್ಲೈಟ್ ಸೇಫ್ಟಿ ಫೌಂಡೇಶನ್ ಪ್ರಪಂಚದ ಏರ್‌ಲೈನುಗಳ ಮಾಹಿತಿ ಸೇರಿಸಿ ನೋಡಿದಾಗ ಅಸ್ಥಿರವಾಗಿ, ಅಂದರೆ ವೇಗವೋ ಎತ್ತರವೋ ಮಿತಿ ತಪ್ಪಿ, ಇಳಿಯಲು ಬಂದ ಅಪ್ರೋಚುಗಳಲ್ಲಿ ಶೇಕಡಾ 3ರಷ್ಟು ಮಾತ್ರ ಗೋ ಅರೌಂಡ್ ಆಗಿದ್ದವು. ಉಳಿದ 97 ನೆಲಕ್ಕೆ ಇಳಿದಿವೆ, ಹೆಚ್ಚಿನವು ಏನೂ ಆಗದೆ. ಅಪಾಯ ಇರುವುದೇ ಆ "ಏನೂ ಆಗದೆ" ಎಂಬಲ್ಲಿ. ಪ್ರತಿ ಸಲ ಪಾರಾದಾಗಲೂ ಮಿತಿ ಸ್ವಲ್ಪ ಆಚೆ ಸರಿಯುತ್ತದೆ.

ಆದ ಕಾರಣ ತೀರ್ಮಾನವನ್ನು ಆ ಗಳಿಗೆಗೆ ಬಿಡಬಾರದು. ಮನಸ್ಸು ಸಮಾಧಾನದಲ್ಲಿರುವಾಗಲೇ ಅಂಕೆಯಲ್ಲಿ ಬರೆದಿಡಬೇಕು. ಏರ್‌ಲೈನುಗಳಲ್ಲಿ ಮೋಡದೊಳಗೆ ಬರುವಾಗ 1,000 ಅಡಿ, ಹೊರಗೆ ಚೆನ್ನಾಗಿ ಕಾಣುವಾಗ 500 ಅಡಿ ಎಂದು ಗೇಟ್ ಇಡ್ತಾರೆ. ಅಲ್ಲಿಗೆ ಮುಟ್ಟುವಾಗ ಚಕ್ರ ಮತ್ತು ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗುವ ಹಲಗೆ) ಇಳಿದಿರಬೇಕು, ವೇಗ ಮಿತಿಯೊಳಗೆ ಇರಬೇಕು, ಇಳಿಯುವ ದರ ನಿಮಿಷಕ್ಕೆ 1,000 ಅಡಿ ದಾಟಬಾರದು, ಇಂಜಿನ್ ಐಡಲ್‌ಗೆ (ಅತಿ ಕಡಿಮೆ ಶಕ್ತಿಗೆ) ಬಿದ್ದಿರಬಾರದು, ಚೆಕ್‌ಲಿಸ್ಟ್ ಮುಗಿದಿರಬೇಕು. ಒಂದು ತಪ್ಪಿದರೂ ಮೇಲೇರುವುದು. ಚರ್ಚೆ ಇಲ್ಲ.

ಸೆಸ್ನಾ 172 ಎಂಬ ಸಣ್ಣ ತರಬೇತಿ ವಿಮಾನದಲ್ಲಿ ಇದನ್ನೇ ಮೊದಲ ಸರ್ಕ್ಯೂಟಿನಿಂದ (ಏರಿ, ಸುತ್ತು ಹೊಡೆದು ಅದೇ ರನ್‌ವೇಗೆ ಇಳಿಯುವ ಅಭ್ಯಾಸ) ಕಲಿಸಬಹುದು, ಕಲಿಸಲೇಬೇಕು. ಫೈನಲ್‌ನಲ್ಲಿ (ರನ್‌ವೇಗೆ ನೇರ ಬರುವ ಕೊನೆಯ ಹಾದಿಯಲ್ಲಿ) 300 ಅಡಿಗೆ ವಿದ್ಯಾರ್ಥಿ ಬಾಯಿ ಬಿಟ್ಟು ಹೇಳಬೇಕು: ವೇಗ 65, ಸೆಂಟರ್‌ಲೈನ್ ಸರಿ, ಫ್ಲ್ಯಾಪ್ ಸರಿ, ಮುಟ್ಟಬೇಕಾದ ಜಾಗ ಗಾಜಿನಲ್ಲಿ ಅಲುಗಾಡದೆ ನಿಂತಿದೆ, "ಸ್ಟೇಬಲ್". ಹೇಳಲಿಕ್ಕೆ ಆಗದಿದ್ದರೆ ಅಥವಾ ವೇಗ 5 ನಾಟ್‌ಗಿಂತ ಹೆಚ್ಚು ಆಚೀಚೆ ಇದ್ದರೆ "ಗೋಯಿಂಗ್ ಅರೌಂಡ್". ಆ ಜಾಗ ಗಾಜಿನಲ್ಲಿ ಕೆಳಗೆ ಜಾರಿದರೆ ನೀವು ದಾಟಿ ಹೋಗ್ತಿದ್ದೀರಿ, ಮೇಲೆ ಏರಿದರೆ ಮುಟ್ಟುವ ಮೊದಲೇ ನೆಲ ಸಿಗ್ತದೆ. ಎರಡನೆಯ ಗೇಟ್ ರನ್‌ವೇಯ ಮೇಲೆಯೇ: ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ಮುಟ್ಟದಿದ್ದರೆ ಮೇಲೆ.

ವೇಗದ ವಿಷಯ ಮಕ್ಕಳಿಗೆ ನೀವೇ ಬೋರ್ಡಿನಲ್ಲಿ ತೋರಿಸಬಹುದು. ವೇಗ ಶೇಕಡಾ 10 ಹೆಚ್ಚಾದರೆ ಬ್ರೇಕ್ ತಿನ್ನಬೇಕಾದ ಶಕ್ತಿ ಶೇಕಡಾ 21 ಹೆಚ್ಚು. ಗಾಳಿಯ ಲೆಕ್ಕವೂ ಹಾಗೆಯೇ ಕಠೋರ. 172ರ ಕೈಪಿಡಿಯಲ್ಲಿ ಎದುರುಗಾಳಿ 9 ನಾಟ್ ಇದ್ದರೆ ಇಳಿಯುವ ದೂರ ಶೇಕಡಾ 10 ಕಡಿಮೆ ಮಾಡಬಹುದು, ಆದರೆ ಹಿಂಗಾಳಿಗೆ ಪ್ರತಿ 2 ನಾಟ್‌ಗೆ ಶೇಕಡಾ 10 ಹೆಚ್ಚಿಸಬೇಕು. 6 ನಾಟ್ ಹಿಂಗಾಳಿ ಅಂದರೆ ಶೇಕಡಾ 30. ಕೋಝಿಕ್ಕೋಡಿನಲ್ಲಿ ಮಳೆ, ಒದ್ದೆ ರನ್‌ವೇ, ಹಿಂಗಾಳಿ, ಕೆಲಸ ಮಾಡದ ವೈಪರ್ ಎಲ್ಲ ಒಟ್ಟಿಗೆ ಸೇರಿ, ಚಕ್ರ ಮುಟ್ಟಿದ್ದು 4,438ನೇ ಅಡಿಯಲ್ಲಿ. ಒಟ್ಟು 8,858 ಅಡಿಯ ಅರ್ಧ ಅಲ್ಲೇ ಮುಗಿದಿತ್ತು.

ಈಗ ಗೋ ಅರೌಂಡ್ ಮಾಡುವ ಕ್ರಮ, ಅದರಲ್ಲಿ ಏನು ಕೆಡ್ತದೆ ಎಂಬುದು. ಸೆಸ್ನಾದ 172ಎಸ್ ಮಾದರಿಯಲ್ಲಿ ಥ್ರಾಟಲ್ ಪೂರ್ತಿ ಮುಂದೆ, ಫ್ಲ್ಯಾಪ್ ತಕ್ಷಣ 20 ಡಿಗ್ರಿಗೆ, ವೇಗ 60 ನಾಟ್ ಹಿಡಿದು ಹತ್ತುವುದು, ಅಡೆತಡೆ ದಾಟುವವರೆಗೆ 10 ಡಿಗ್ರಿ, ಮತ್ತೆ ಸುರಕ್ಷಿತ ಎತ್ತರ ಮತ್ತು 65 ನಾಟ್ ಬಂದ ಮೇಲೆ ಪೂರ್ತಿ ಮೇಲೆ. ಕಾಗದದಲ್ಲಿ ಸುಲಭ. ಆದರೆ ಇಳಿಯಲಿಕ್ಕೆಂದು ಮೂಗು ಎತ್ತುವ ಹಾಗೆ ಟ್ರಿಮ್ (ಕೈ ಒತ್ತದೆಯೇ ಮೂಗನ್ನು ಒಂದು ಮಟ್ಟದಲ್ಲಿ ಹಿಡಿಯುವ ಹೊಂದಿಕೆ) ಇಟ್ಟಿರ್ತೀರಿ. ಪೂರ್ತಿ ಶಕ್ತಿ ಕೊಟ್ಟ ಕೂಡಲೇ ಮೂಗು ತಾನಾಗಿ ಮೇಲೆ ಹೋಗ್ತದೆ, ಜೊತೆಗೆ ಎಡಕ್ಕೆ ತಿರುಗ್ತದೆ. ಯೋಕನ್ನು (ಕೈಯ ಹಿಡಿಕೆ) ಗಟ್ಟಿಯಾಗಿ ಮುಂದೆ ಒತ್ತಿ ಕಾಲಿನಿಂದ ಬಲ ರಡರ್ ಕೊಡದಿದ್ದರೆ ವೇಗ ಬಿದ್ದು 100 ಅಡಿಯಲ್ಲಿ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದು. ಇನ್ನೊಂದು ತಪ್ಪು, ಗಾಬರಿಯಲ್ಲಿ ಫ್ಲ್ಯಾಪನ್ನು 30ರಿಂದ ಸೊನ್ನೆಗೆ ಎಳೆದುಬಿಡುವುದು. ಲಿಫ್ಟ್ ಒಮ್ಮೆಲೇ ಹೋಗಿ ವಿಮಾನ ಕುಸಿಯುತ್ತದೆ. ಮೂರನೆಯದು, ಹತ್ತುವ ಮೊದಲೇ ರೇಡಿಯೋದಲ್ಲಿ ಮಾತಾಡಲು ಹೋಗುವುದು. ಮೊದಲು ಹಾರಿಸು, ಮತ್ತೆ ದಾರಿ, ಆಮೇಲೆ ಮಾತು.

ಗೋ ಅರೌಂಡ್‌ಗೆ ಹೆದರುವವರಲ್ಲಿ ಹೆಚ್ಚಿನವರು ಅದನ್ನು ಸಾಕಷ್ಟು ಮಾಡಿಯೇ ಇರುವುದಿಲ್ಲ. ಆದ್ದರಿಂದ ಅಭ್ಯಾಸ ಬೇರೆಬೇರೆ ಜಾಗದಿಂದ ಬೇಕು: 300 ಅಡಿಯಿಂದ, ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವುದು) ನಡುವಿನಿಂದ, ಒಮ್ಮೆ ಪುಟಿದ ಮೇಲೆ. ಮೊದಲೇ ಹೇಳಿ ಮಾಡಿಸಿದರೆ ಕೈ ಕಲಿಯುತ್ತದೆ. ಹೇಳದೆ ಮಾಡಿಸಿದಾಗಲೇ ತೀರ್ಮಾನ ತೆಗೆದುಕೊಳ್ಳಲು ಕಲಿಯುವುದು. ವಿದ್ಯಾರ್ಥಿ ತಾನಾಗಿ ಗೋ ಅರೌಂಡ್ ಮಾಡಿದ ದಿನ ಇನ್‌ಸ್ಟ್ರಕ್ಟರ್ ಅದನ್ನು ಒಳ್ಳೆಯ ತೀರ್ಮಾನ ಎಂದು ಫೈಲಿನಲ್ಲಿ ಬರೆಯಬೇಕು.

ಬಲಗಡೆ ಸೀಟು (ಏರ್‌ಲೈನ್ ಫಸ್ಟ್ ಆಫೀಸರ್)

ಮಾಷ್ಟ್ರೇ, ಸೆಂಟರ್‌ಲೈನ್ ಅಣ್ಣ ಹಾರಿಸುವವರ ತಲೆಯೊಳಗಿನದ್ದು ಹೇಳಿದರು. ನಾನು ಪಕ್ಕದ ಸೀಟಿನವರ ಬಾಯಿಯ ವಿಷಯ ಹೇಳ್ತೇನೆ.

ಬಜ್ಪೆಯಲ್ಲಿ ಫಸ್ಟ್ ಆಫೀಸರ್ (ಕೋ ಪೈಲಟ್) ಮೂರು ಸಲ ಗೋ ಅರೌಂಡ್ ಹೇಳಿದ್ದರು. ಕೋಝಿಕ್ಕೋಡಿನಲ್ಲಿ ಮೊದಲು ಬಂದದ್ದು ಸೂಚನೆಯಂಥ ಮಾತುಗಳು, ಸ್ಪಷ್ಟವಾದ "ಗೋ ಅರೌಂಡ್" ಬರುವಾಗ ವಿಮಾನ ರನ್‌ವೇಯ ಮೇಲೆ ತೇಲುತ್ತಿತ್ತು. ಎರಡು ಕಡೆಯೂ ಕಂಟ್ರೋಲ್ ಕೈಗೆ ತೆಗೆದುಕೊಳ್ಳುವ ಕೊನೆಯ ಹೆಜ್ಜೆ ಬರಲಿಲ್ಲ. ಇಬ್ಬರ ನಡುವಿನ ಅಧಿಕಾರದ ಅಂತರ ಕಡಿದಾಗಿತ್ತು ಎಂದು ಕೋಝಿಕ್ಕೋಡಿನ ವರದಿ ಹೇಳಿದೆ.

ಈ ರೋಗ ಹಳೆಯದು. 1977ರ ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಎರಡು ಜಂಬೋಗಳು ರನ್‌ವೇಯಲ್ಲೇ ಗುದ್ದಿ 583 ಮಂದಿ ಸತ್ತಾಗ, ಓಡತೊಡಗಿದ್ದ ವಿಮಾನದ ಫ್ಲೈಟ್ ಇಂಜಿನಿಯರ್‌ಗೆ ಸಂಶಯ ಬಂದಿತ್ತು. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವಾ ಎಂದು ಅವರು ಕೇಳಿದ್ದರು. ಕ್ಯಾಪ್ಟನ್ ಬಿಟ್ಟಿದೆ ಎಂದರು, ಮಾತು ಅಲ್ಲಿಗೆ ಮುಗಿಯಿತು. 1978ರ ಡಿಸೆಂಬರ್ 28ಕ್ಕೆ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಒಂದು ಡಿಸಿ-8 ವಿಮಾನ ಚಕ್ರದ ತೊಂದರೆ ಪರಿಶೀಲಿಸುತ್ತ ಸುತ್ತುಹೊಡೆದು ಇಂಧನ ಖಾಲಿಯಾಗಿ ಬಿತ್ತು. ಇಂಧನ ಇಳಿಯುತ್ತಿರುವುದು ಕಾಕ್‌ಪಿಟ್‌ನಲ್ಲಿ ಗೊತ್ತಿತ್ತು, ಆದರೆ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಇಂಥ ಅಪಘಾತಗಳ ಬೆನ್ನಿಗೇ 1979ರಲ್ಲಿ ನಾಸಾ ಕಾರ್ಯಾಗಾರ ನಡೆಸಿತು, 1981ರಿಂದ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಪಾಠ ಶುರು ಮಾಡಿತು. ಇಂದು ಸಿಆರ್‌ಎಂ (ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಕಾಕ್‌ಪಿಟ್‌ನಲ್ಲಿ ಒಟ್ಟಾಗಿ ಕೆಲಸ ಮಾಡುವ ಪಾಠ) ಎನ್ನುವುದು ಅದೇ.

ಅಲ್ಲಿ ಕಲಿಸುವ ಒಂದು ಮೆಟ್ಟಿಲು ಮಕ್ಕಳಿಗೆ ಈಗಲೇ ಉಪಯೋಗಕ್ಕೆ ಬರ್ತದೆ. ಮೊದಲು ಕಂಡದ್ದನ್ನು ಕೇಳು: "ಸರ್, ನಾವು ಸ್ವಲ್ಪ ಎತ್ತರ ಇದ್ದೇವಾ?" ಎರಡನೆಯದು ಅಪಾಯ ಹೇಳು: "ಗ್ಲೈಡ್‌ಸ್ಲೋಪ್‌ಗಿಂತ (ಸರಿಯಾದ ಇಳಿಜಾರಿಗಿಂತ) ತುಂಬಾ ಮೇಲಿದ್ದೇವೆ, ರನ್‌ವೇ ಸಾಲದು." ಮೂರನೆಯದು ಏನು ಮಾಡಬೇಕೆಂದು ಹೇಳು: "ಕ್ಯಾಪ್ಟನ್, ಗೋ ಅರೌಂಡ್." ನಾಲ್ಕನೆಯದು ಕೈ ಹಾಕು: "ಐ ಹ್ಯಾವ್ ಕಂಟ್ರೋಲ್." ಮೆಟ್ಟಿಲು ಹತ್ತಲಿಕ್ಕೆ ಸಮಯ ಇಲ್ಲದಿದ್ದರೆ ನೇರ ಮೂರಕ್ಕೆ ಹೋಗಬಹುದು. ಜೊತೆಗೆ ಎರಡು ಕರೆಯ ನಿಯಮ ಉಂಟು: ಮಿತಿ ದಾಟಿದ್ದನ್ನು ಎರಡು ಸಲ ಹೇಳಿದರೂ ಸರಿಯಾದ ಉತ್ತರ ಬಾರದಿದ್ದರೆ ಹಾರಿಸುವವರಿಗೆ ಏನೋ ಆಗಿದೆ ಎಂದೇ ತಿಳಿದು ಕಂಟ್ರೋಲ್ ತೆಗೆದುಕೊಳ್ಳಬೇಕು. ಅವರು ಪ್ರಜ್ಞೆ ತಪ್ಪಿ ಒರಗಬೇಕೆಂದಿಲ್ಲ. ಕಣ್ಣು ತೆರೆದೇ, ಕೈ ಆಡಿಸುತ್ತಲೇ, ಮನಸ್ಸು ಕೆಲಸ ನಿಲ್ಲಿಸಿರಬಹುದು.

ಇಲ್ಲಿ ನಮ್ಮ ಕಡೆಯ ಮಕ್ಕಳಿಗೆ ಒಂದು ತೊಡಕುಂಟು. ಹಿರಿಯರಿಗೆ ಎದುರುತ್ತರ ಕೊಡಬಾರದು ಎಂದೇ ಬೆಳೆದವರು. ಐದು ಸಾವಿರ ಗಂಟೆ ಹಾರಿದ ಕ್ಯಾಪ್ಟನ್‌ಗೆ "ನೀವು ತಪ್ಪು" ಎಂದು ಹೇಳುವುದು ಅವರಿಗೆ ಅವಮಾನ ಮಾಡಿದ ಹಾಗೆ ಕಾಣ್ತದೆ. ಸ್ಟ್ಯಾಂಡರ್ಡ್ ಕಾಲ್‌ಔಟ್ ಇರುವುದೇ ಇದಕ್ಕೆ. "ಸ್ಪೀಡ್", "ಸಿಂಕ್ ರೇಟ್", "ಅನ್‌ಸ್ಟೇಬಲ್, ಗೋ ಅರೌಂಡ್" ಎನ್ನುವಾಗ ವ್ಯಕ್ತಿಯ ಬಗ್ಗೆ ಒಂದಕ್ಷರ ಇಲ್ಲ, ಮಾಪಕ ತೋರಿಸಿದ್ದನ್ನು ಓದಿದ್ದು ಅಷ್ಟೆ. ಕ್ಯಾಪ್ಟನ್ ಹಾರುವ ಮೊದಲಿನ ಬ್ರೀಫಿಂಗ್‌ನಲ್ಲೇ "ಏನು ಕಂಡರೂ ಹೇಳಿ, ನಾನು ಉತ್ತರ ಕೊಡದಿದ್ದರೆ ತೆಗೆದುಕೊಳ್ಳಿ" ಎಂದರೆ ಅರ್ಧ ಗೆದ್ದ ಹಾಗೆ.

ಕಂಟ್ರೋಲ್ ಬದಲಾಯಿಸುವ ಮಾತನ್ನು ಸಣ್ಣ ವಿಮಾನದಲ್ಲೇ ಪಕ್ಕಾ ಮಾಡಿಕೊಳ್ಳಬೇಕು. ಒಬ್ಬರು "ಐ ಹ್ಯಾವ್ ಕಂಟ್ರೋಲ್", ಇನ್ನೊಬ್ಬರು "ಯು ಹ್ಯಾವ್ ಕಂಟ್ರೋಲ್", ಮೊದಲನೆಯವರು ಮತ್ತೊಮ್ಮೆ "ಐ ಹ್ಯಾವ್ ಕಂಟ್ರೋಲ್". ಇದು ಸಡಿಲವಾದರೆ ಇಬ್ಬರೂ ಹಿಡಿದು ಎಳೆದಾಡುವುದು, ಇಲ್ಲವೇ ಯಾರೂ ಹಿಡಿಯದೆ ವಿಮಾನ ತನ್ನಷ್ಟಕ್ಕೆ ಹೋಗುವುದು.

ಯಂತ್ರದ ಮೇಲಿನ ನಂಬಿಕೆಯೂ ಇದೇ ಪಾಠದೊಳಗೆ ಬರ್ತದೆ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯಬೇಕಾಗಿದ್ದ ಏರ್‌ಬಸ್ ಎ320 ವಿಮಾನ, ಇಂಜಿನ್ ಐಡಲ್‌ನಲ್ಲಿ ಇಳಿಯುವ ಯಾಂತ್ರಿಕ ಮೋಡ್‌ನಲ್ಲೇ ಉಳಿದು ರನ್‌ವೇಗೆ ಮುಟ್ಟುವ ಮೊದಲೇ ನೆಲಕ್ಕೆ ಬಿತ್ತು. 92 ಮಂದಿ ಸತ್ತರು. ವೇಗ ಯಂತ್ರ ನೋಡಿಕೊಳ್ತದೆ ಎಂದು ಇಬ್ಬರೂ ನಂಬಿದ್ದ ಹೊತ್ತಿನಲ್ಲಿ ಅದು ಇಳಿಯುತ್ತಲೇ ಇತ್ತು. ಅದಕ್ಕೇ ಈಗ ಮೋಡ್ ಬದಲಾದಾಗಲೆಲ್ಲ ಪರದೆ ನೋಡಿ ಗಟ್ಟಿಯಾಗಿ ಓದಿ ಹೇಳಬೇಕು. ಬಟನ್ ಒತ್ತಿದ್ದೇನೆ ಎಂದರೆ ಸಾಲದು.

ಟವರ್

ಸಣ್ಣದೊಂದು ಸೇರಿಸ್ತೇನೆ. ಗೋ ಅರೌಂಡ್‌ಗೆ ಎಟಿಸಿಯ, ಅಂದರೆ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ನಮ್ಮಂಥವರ, ಅನುಮತಿ ಬೇಕಿಲ್ಲ. ಮೇಲೇರಿ, ಕೈ ಬಿಡುವಾದಾಗ "ಗೋಯಿಂಗ್ ಅರೌಂಡ್" ಎಂದರೆ ಸಾಕು. ದಾರಿ ಖಾಲಿ ಮಾಡಿಕೊಡುವುದು ನಮ್ಮ ಕೆಲಸ. "ಕ್ಲಿಯರ್ಡ್ ಟು ಲ್ಯಾಂಡ್" ಎಂಬುದು ಇಳಿಯಲೇಬೇಕೆಂಬ ಆಜ್ಞೆ ಅಂತ ಹೊಸಬರಿಗೆ ಅನಿಸಬಾರದು. ಬಜ್ಪೆಯಲ್ಲಿ ಟವರ್ "ಎಸ್ಟಾಬ್ಲಿಷ್ಡ್ ಆಗಿದ್ದೀರಾ" (ಇಳಿಯುವ ಸರಿಯಾದ ಹಾದಿ ಹಿಡಿದಿದ್ದೀರಾ) ಎಂದು ಕೇಳಿದಾಗ ಹೌದೆಂಬ ಉತ್ತರವೇ ಹೋಗಿತ್ತು. ಕೆಳಗಿರುವವರಿಗೆ ನಿಮ್ಮ ಮಾಪಕ ಕಾಣುವುದಿಲ್ಲ.

ಕನ್ನಡ ಮೀಡಿಯಂ ಮಕ್ಕಳಿಗೆ ರೇಡಿಯೋ ಇಂಗ್ಲಿಷಿನ ಹೆದರಿಕೆ ಬೇಡ. ಅದು ಸೀಮಿತ ಪದಗಳ ಭಾಷೆ, ಕಲಿತರೆ ಬರ್ತದೆ. ಅರ್ಥವಾಗದಿದ್ದಾಗ "ರಾಜರ್" ಎಂದು ತಳ್ಳಿಬಿಡುವ ಚಾಳಿಗೆ ಮಾತ್ರ ಹೆದರಬೇಕು. "ಸೇ ಅಗೇನ್" ಎನ್ನಲು ನಾಚಿಕೆ ಪಡಬಾರದು. ಎತ್ತರ, ದಿಕ್ಕು, ರನ್‌ವೇ ನಂಬರನ್ನು ಕೇಳಿದ ಹಾಗೇ ಹಿಂದಕ್ಕೆ ಓದಿ ಹೇಳಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ 349 ಮಂದಿ ಸತ್ತದ್ದು, 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದ ವಿಮಾನ ಅದಕ್ಕಿಂತ ಕೆಳಗೆ ಇಳಿದು, 14,000ದಲ್ಲಿ ಎದುರು ಬರುತ್ತಿದ್ದ ವಿಮಾನಕ್ಕೆ ಗುದ್ದಿದ್ದರಿಂದ.

ಮಂಜೇಶ್ವರ ಡಾಕ್ಟ್ರು (ಏವಿಯೇಶನ್ ಮೆಡಿಸಿನ್)

ಮೇಲಿನವರು ಹೇಳಿದ್ದೆಲ್ಲ ನಡೆಯಬೇಕಾದರೆ ಮೆದುಳು ಎಚ್ಚರವಾಗಿರಬೇಕು. ಬಜ್ಪೆಯ ವಿಮಾನದ ಧ್ವನಿ ಮುದ್ರಿಕೆಯಲ್ಲಿ ಮೊದಲ ಸುಮಾರು 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ವಿಮಾನ ಇಳಿದದ್ದು ಬೆಳಿಗ್ಗೆ 6 ಗಂಟೆ ಕಳೆದ ಕೂಡಲೇ. ರಾತ್ರಿ 2ರಿಂದ 6ರ ನಡುವೆ ದೇಹದ ಗಡಿಯಾರ ಅತ್ಯಂತ ತಗ್ಗಿನಲ್ಲಿ ಇರ್ತದೆ. ಆ ಹೊತ್ತಿನಲ್ಲಿ ಗಾಢ ನಿದ್ದೆಯಿಂದ ಎದ್ದವರಿಗೆ ಮುಂದಿನ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಲೆಕ್ಕ ಹಾಕುವ ಮತ್ತು ಹಿಡಿದ ಯೋಜನೆ ಬದಲಾಯಿಸುವ ಶಕ್ತಿ ಕುಂಠಿತವಾಗಿರ್ತದೆ. ಮಾತಾಡ್ತಾರೆ, ಸ್ವಿಚ್ ಒತ್ತುತ್ತಾರೆ, ನೋಡುವವರಿಗೆ ಸರಿಯಾಗಿಯೇ ಕಾಣ್ತಾರೆ. ಕಾಕ್‌ಪಿಟ್‌ನಲ್ಲಿ ಸರದಿಯಲ್ಲಿ ಮಲಗುವುದು ತಪ್ಪಲ್ಲ. ಆದರೆ ಅದನ್ನು 40 ನಿಮಿಷದ ಸುಮಾರಿಗೆ ನಿಲ್ಲಿಸಿ, ಎದ್ದ ಮೇಲೆ ಕನಿಷ್ಠ 20 ನಿಮಿಷ ಕಳೆದು, ಇಳಿಯಲು ಶುರು ಮಾಡುವುದಕ್ಕೆ ಸಾಕಷ್ಟು ಮೊದಲೇ ಕೆಲಸಕ್ಕೆ ಕೂರುವುದು ಕ್ರಮ. ಅಷ್ಟು ಹೊತ್ತು ಮಲಗಿದರೆ ಗಾಢ ನಿದ್ದೆಗೆ ಇಳಿಯುವ ಸಂಭವ ಕಡಿಮೆ.

ವಿದ್ಯಾರ್ಥಿಗಳಲ್ಲಿ ಕಾಣುವುದು ಬೇರೆ. ರಾತ್ರಿ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಕ) ಪೇಪರಿಗೆ ಓದಿ, ಬೆಳಿಗ್ಗೆ ತಿಂಡಿ ಬಿಟ್ಟು 6 ಗಂಟೆಯ ಹಾರಾಟಕ್ಕೆ ಬರುವುದು. ನಾನು ಹೇಳುವುದು ಹಾರುವ ಮೊದಲು ಆರು ವಿಷಯ ತಮ್ಮನ್ನೇ ಕೇಳಿಕೊಳ್ಳಿ ಎಂದು: ಕಾಯಿಲೆ, ಮದ್ದು, ಮನಸ್ಸಿನ ಒತ್ತಡ, ಆಲ್ಕೋಹಾಲ್, ಆಯಾಸ, ಹೊಟ್ಟೆ. ಇದರಲ್ಲಿ ಮದ್ದಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅಂಗಡಿಯಿಂದ ನೇರ ಮಾತ್ರೆ ತರುವ ಅಭ್ಯಾಸ ಹೆಚ್ಚು. ಶೀತಕ್ಕೆ ಸಿಗುವ ಅನೇಕ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರ್ತದೆ. ನಿದ್ದೆ ಬಂದದ್ದು ಗೊತ್ತಾಗದಿದ್ದರೂ ಪ್ರತಿಕ್ರಿಯೆ ನಿಧಾನವಾಗಿರ್ತದೆ. ಮೂಗು ಕಟ್ಟಿರುವಾಗ ಹಾರಿದರೆ ಇಳಿಯುವಾಗ ಕಿವಿಯ ಒಳಗಿನ ಒತ್ತಡ ಸರಿಹೊಂದದೆ ತೀವ್ರ ನೋವು, ಕೆಲವೊಮ್ಮೆ ತಲೆಸುತ್ತು. ಒಬ್ಬರೇ ಹಾರುತ್ತಿದ್ದರೆ ಅದೇ ಸಾಕು. ಕೋಝಿಕ್ಕೋಡಿನ ವರದಿಯಲ್ಲಿ ಕ್ಯಾಪ್ಟನ್ ವೈದ್ಯರ ಸಲಹೆ ಇಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದ ವಿಷಯ ಉಂಟು. ರಕ್ತದ ಸಕ್ಕರೆ ಸ್ವಲ್ಪ ಇಳಿದರೂ ತೀರ್ಮಾನ ಮಂಕಾಗಿರಬಹುದೆಂದು ಅದು ಹೇಳ್ತದೆ. ಕಾಯಿಲೆ ಮುಚ್ಚಿಟ್ಟರೆ ಮಾತ್ರ ಲೈಸೆನ್ಸ್ ಉಳಿಯುವುದು ಎಂದು ಜನ ತಿಳಿಯುತ್ತಾರೆ. ಹೇಳಿಕೊಂಡು, ಮದ್ದು ಹೊಂದಿಸಿಕೊಂಡು ಹಾರುತ್ತಿರುವವರು ಎಷ್ಟೋ ಮಂದಿ ಇದ್ದಾರೆ.

ಆಲ್ಕೋಹಾಲ್ ವಿಷಯದಲ್ಲಿ ನಿಯಮ 12 ಗಂಟೆ, ಮತ್ತು ಯಂತ್ರದಲ್ಲಿ ಸೊನ್ನೆ ಬರಬೇಕು. ಕುಡಿಯದ ಮಕ್ಕಳೂ ಇದರಲ್ಲಿ ಸಿಕ್ಕಿಬೀಳಬಹುದು: ಮೌತ್‌ವಾಶ್, ಕೆಲವು ಹೋಮಿಯೋಪಥಿ ಟಿಂಕ್ಚರ್, ಮತ್ತು ನಮ್ಮ ಮನೆಗಳಲ್ಲಿ ಇದ್ದೇ ಇರುವ ಅರಿಷ್ಟ, ಆಸವ. ದಶಮೂಲಾರಿಷ್ಟ ಹುದುಗಿಸಿ ಮಾಡಿದ್ದು, ಅದರಲ್ಲಿ ಆಲ್ಕೋಹಾಲ್ ತಾನಾಗಿ ಹುಟ್ಟಿರ್ತದೆ. ಅಜ್ಜಿ ಕೊಟ್ಟರೂ ಹಾರಾಟದ ದಿನ ಬೇಡ. ಏಕಾದಶಿಯೋ ರಂಜಾನೋ, ಉಪವಾಸದ ದಿನ ಒಬ್ಬರೇ ಹಾರುವುದೂ ಬೇಡ. ಬಿಸಿಲಿನಲ್ಲಿ ನಿಂತ ಸಣ್ಣ ವಿಮಾನದ ಒಳಗೆ ಬೆವರು ಸುರಿಯುತ್ತದೆ, ನೀರು ಕುಡಿಯದವರ ಗಮನ ಮೊದಲು ಹಾರಿಹೋಗ್ತದೆ.

ಕಿವಿಯೊಳಗಿನ ಸಮತೋಲನದ ಅಂಗ ಗಾಳಿಯಲ್ಲಿ ಸುಳ್ಳು ಹೇಳುವುದನ್ನು ಕೂಡ ತಿಳಿದಿರಬೇಕು. ಗೋ ಅರೌಂಡ್‌ನಲ್ಲಿ ಒಮ್ಮೆಲೇ ವೇಗ ಏರಿದಾಗ, ಹೊರಗೆ ಏನೂ ಕಾಣದಿದ್ದರೆ, ಮೂಗು ತುಂಬಾ ಮೇಲೆ ಹೋಗಿದೆ ಎಂದು ಅನಿಸಿ ಕೈ ತಾನಾಗಿ ಕೆಳಗೆ ಒತ್ತುತ್ತದೆ. ಅದಕ್ಕೆ ಮಾಪಕ ನೋಡಿಯೇ ಹತ್ತಬೇಕು. ಮಾಪಕ ನೋಡಿ ಹಾರುವುದು ಕಲಿಯದವರು ಮೋಡಕ್ಕೆ ನುಗ್ಗಿದರೆ ಏನಾಗ್ತದೆ ಎಂದು ಇಲಿನಾಯ್ ವಿಶ್ವವಿದ್ಯಾಲಯ 1954ರಲ್ಲಿ 20 ಮಂದಿಯನ್ನು ಪರೀಕ್ಷಿಸಿತ್ತು. ಎಲ್ಲರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತಗ್ಗು ಮೋಡ ನೋಡಿದವರಿಗೆ ಇದರ ಅರ್ಥ ಬೇಗ ಆಗ್ತದೆ.

ಬದಿಯಡ್ಕ ಮಾಷ್ಟ್ರು

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಇದನ್ನು ಮಕ್ಕಳಿಗೆ ಓದಿ ಹೇಳ್ತೇನೆ. ಎರಡು ಸಂಶಯ ಉಳಿಯಿತು. ಬಜ್ಪೆಯಲ್ಲಿ ನೆಲ ಮುಟ್ಟಿದ ಮೇಲೆ ಮತ್ತೆ ಮೇಲೇರಲು ನೋಡಿದ್ದರು ಅಲ್ಲವಾ? ಅದು ತಡವಾದ ಗೋ ಅರೌಂಡ್ ಅಂತಲೇ? ಮತ್ತೆ ಸ್ಕೂಲಿನಲ್ಲಿ ವಿಚಾರಿಸಬೇಕಾದ್ದು ಹೇಳಲಿಲ್ಲ. ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟ ಎಷ್ಟು ತಿಂಗಳಲ್ಲಿ ಮುಗಿಸ್ತೀರಿ, ಎಷ್ಟು ಲಕ್ಷ ಎನ್ನುವುದನ್ನು ಬಿಟ್ಟು ಬೇರೇನು ಕೇಳಬೇಕೆಂದು ಹೆತ್ತವರಿಗೆ ಗೊತ್ತಿಲ್ಲ.

ಸೆಂಟರ್‌ಲೈನ್ (ಫ್ಲೈಯಿಂಗ್ ಇನ್‌ಸ್ಟ್ರಕ್ಟರ್, ಕುಂಬಳೆ)

ಹೌದು ಮಾಷ್ಟ್ರೇ, ಮತ್ತೆ ಏರಲು ನೋಡಿದ್ದರು, ಅದು ಇನ್ನೊಂದು ತಪ್ಪು. ಥ್ರಸ್ಟ್ ರಿವರ್ಸರ್ (ಇಂಜಿನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವಿಮಾನ ನಿಲ್ಲಿಸುವ ಸಾಧನ) ತೆರೆದ ಮೇಲೆ ಗೋ ಅರೌಂಡ್ ಇಲ್ಲ ಎಂಬುದು ಬೋಯಿಂಗಿನ ಕಟ್ಟುನಿಟ್ಟಿನ ನಿಯಮ. ತೆರೆದದ್ದು ಮುಚ್ಚಿ, ಇಂಜಿನ್ ಪೂರ್ತಿ ಶಕ್ತಿಗೆ ಬರುವಷ್ಟರಲ್ಲಿ ರನ್‌ವೇ ಮುಗಿದಿರ್ತದೆ. ಅಷ್ಟು ದೂರ ಹೋಗಿ ಮುಟ್ಟಿದ್ದರೂ ಪೂರ್ತಿ ಬ್ರೇಕ್ ಮತ್ತು ರಿವರ್ಸರ್ ಹಿಡಿದೇ ಇದ್ದಿದ್ದರೆ ಸುಮಾರು 7,600 ಅಡಿಗೆ ನಿಲ್ಲುತ್ತಿತ್ತು ಎಂಬ ಲೆಕ್ಕ ವರದಿಯಲ್ಲಿ ಉಂಟು. ಗೋ ಅರೌಂಡ್‌ಗೆ ಒಂದು ಬಾಗಿಲಿದೆ, ಅದು ಮುಚ್ಚುವ ಗಳಿಗೆ ಯಾವುದೆಂದು ಮೊದಲೇ ತಿಳಿದಿರಬೇಕು. ಆಮೇಲೆ ಇರುವುದು ನಿಲ್ಲಿಸುವ ಕೆಲಸ ಮಾತ್ರ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಲ್ಯಾಂಡಿಂಗ್ ಮೆತ್ತಗೆ ಆದರೆ ಒಳ್ಳೆಯ ಪೈಲಟ್ ಎಂಬ ಎಣಿಕೆ ಪ್ರಯಾಣಿಕರಲ್ಲಿ ಉಂಟು, ಕೆಲವು ಇನ್‌ಸ್ಟ್ರಕ್ಟರುಗಳಲ್ಲೂ ಉಂಟು. ಗಟ್ಟಿ ಲ್ಯಾಂಡಿಂಗಿಗೆ ಮಾತ್ರ ಬೈಗುಳ, ದೂರ ಹೋಗಿ ಮುಟ್ಟಿದ್ದಕ್ಕೆ ಏನೂ ಇಲ್ಲ ಎಂದಾದರೆ ವಿದ್ಯಾರ್ಥಿ ನೆಲದ ಮೇಲೆ ತೇಲಿಸಲು ಕಲಿಯುತ್ತಾನೆ. ಒದ್ದೆ ರನ್‌ವೇಯಲ್ಲಿ ಸರಿಯಾದ ಜಾಗದಲ್ಲಿ ಸ್ವಲ್ಪ ಗಟ್ಟಿಯಾಗಿ ಕೂರಿಸುವುದೇ ಸರಿ. ಟಯರು ನೀರನ್ನು ಒಡೆದು ನೆಲ ಹಿಡಿಯುತ್ತದೆ.

ಸ್ಕೂಲಿಗೆ ಹೋದಾಗ ಮೊದಲು ಕೇಳುವುದು: ವಿದ್ಯಾರ್ಥಿ ಸೋಲೋದಲ್ಲಿ (ಒಬ್ಬನೇ ಹಾರುವಾಗ) ಗೋ ಅರೌಂಡ್ ಮಾಡಿದರೆ ಆ ಹೆಚ್ಚಿನ ಸರ್ಕ್ಯೂಟಿನ ಹಣ, ಸಮಯ ಯಾರ ಮೇಲೆ ಬೀಳ್ತದೆ? ಅದಕ್ಕೆ ಕಾರಣ ಕೇಳಿ ಬರೆಸ್ತೀರಾ? ಉತ್ತರ ಕೊಡುವವರ ಮುಖ ನೋಡಿದರೂ ಗೊತ್ತಾಗ್ತದೆ. ಸೋಲೋಗೆ ಗಾಳಿಯ ಮಿತಿ ಎಷ್ಟು ಇಟ್ಟಿದ್ದೀರಿ ಎಂದು ಕೇಳಬೇಕು. 172ಎಸ್‌ನ ಕೈಪಿಡಿಯಲ್ಲಿ ಪಕ್ಕಗಾಳಿ 15 ನಾಟ್‌ವರೆಗೆ ಹಾರಿಸಿ ತೋರಿಸಿದ್ದಾರೆ, ಹೊಸ ವಿದ್ಯಾರ್ಥಿಗೆ ಅದರ ಅರ್ಧವೂ ಹೆಚ್ಚು. ಬರೆದಿಟ್ಟ ಮಿತಿ ತೋರಿಸಲಿ. "ಇನ್‌ಸ್ಟ್ರಕ್ಟರ್ ನೋಡಿ ಹೇಳ್ತಾರೆ" ಎಂಬ ಉತ್ತರ ಸಾಲದು.

ತಪ್ಪು ವರದಿ ಮಾಡುವ ವ್ಯವಸ್ಥೆ ಉಂಟಾ, ಕಳೆದ ತಿಂಗಳು ಬಂದ ಒಂದು ವರದಿಯ ಮೇಲೆ ಏನು ಬದಲಾಯಿಸಿದ್ದೀರಿ ಎಂದು ಕೇಳಿ. ಪೆಟ್ಟಿಗೆ ಗೋಡೆಯಲ್ಲಿದ್ದು ಒಂದೂ ಚೀಟಿ ಬಾರದ ಸ್ಕೂಲಿನಲ್ಲಿ ಮಕ್ಕಳು ಹೆದರಿ ಕೂತಿದ್ದಾರೆ ಎಂದೇ ತಿಳಿಯಬೇಕು. ಒಬ್ಬ ಇನ್‌ಸ್ಟ್ರಕ್ಟರ್ ದಿನಕ್ಕೆ ಎಷ್ಟು ಗಂಟೆ ಹಾರುತ್ತಾರೆ, ಹಾರುವ ಮೊದಲು ಮತ್ತು ಇಳಿದ ಮೇಲೆ ಕೂತು ಮಾತಾಡಲು ಎಷ್ಟು ನಿಮಿಷ ಇಡ್ತಾರೆ ಎಂಬುದನ್ನು ಅಲ್ಲಿ ಓದುತ್ತಿರುವ ಮಕ್ಕಳ ಹತ್ತಿರ ಕೇಳಿ, ಆಫೀಸಿನಲ್ಲಿ ಬೇಡ. 200 ಗಂಟೆಯಲ್ಲಿ 100 ಗಂಟೆ ವಿದ್ಯಾರ್ಥಿಯೇ ಪೈಲಟ್ ಇನ್ ಕಮಾಂಡ್ ಆಗಿ ಹಾರಬೇಕು, 300 ನಾಟಿಕಲ್ ಮೈಲಿಯ ಒಂದು ಕ್ರಾಸ್ ಕಂಟ್ರಿಯೂ (ಊರಿಂದೂರಿಗೆ ಹಾರಾಟ) ಅದರೊಳಗೆ ಬರ್ತದೆ. ಆ ಗಂಟೆಗಳು ಕಾಗದದಲ್ಲಿ ತುಂಬುವುದಾ ಗಾಳಿಯಲ್ಲಿ ತುಂಬುವುದಾ ಎಂಬುದೂ ಆ ಮಕ್ಕಳಿಗೇ ಗೊತ್ತಿರ್ತದೆ. ಡಿಜಿಸಿಎ 2025ರಿಂದ ಸ್ಕೂಲುಗಳ ಶ್ರೇಣಿ ಪ್ರಕಟಿಸಲು ತೊಡಗಿದೆ, ಅದನ್ನೂ ನೋಡಿ. ಆದರೆ ಹ್ಯಾಂಗರಿನ ಪಕ್ಕ ಅರ್ಧ ದಿನ ನಿಂತು ನೋಡಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ: ವಿದ್ಯಾರ್ಥಿ ಡಿಪ್‌ಸ್ಟಿಕ್ ಹಾಕಿ ಇಂಧನ ನೋಡ್ತಾನಾ, ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು ಓದ್ತಾನಾ, ಗಾಳಿ ಜೋರಾದಾಗ ಯಾರಾದರೂ ಹಾರಾಟ ರದ್ದು ಮಾಡ್ತಾರಾ.

ಬಲಗಡೆ ಸೀಟು (ಏರ್‌ಲೈನ್ ಫಸ್ಟ್ ಆಫೀಸರ್)

ಮಕ್ಕಳಿಗೆ ಈಗಿನಿಂದಲೇ ಮಾಡಬಹುದಾದದ್ದು ಒಂದುಂಟು. ನಿಮ್ಮ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬೇಕೆಂದೇ ಒಂದು ಚಿಹ್ನೆ ತಪ್ಪು ಬರೆಯಿರಿ, ಕಂಡವರು ಎದ್ದು ನಿಂತು ಏನು ತಪ್ಪು, ಸರಿ ಯಾವುದು ಎಂದು ಒಂದೇ ವಾಕ್ಯದಲ್ಲಿ ಹೇಳಲಿ. "ಸರ್, ಅದು..." ಎಂದು ಎಳೆಯುವುದನ್ನು ಒಪ್ಪಬೇಡಿ. ಮಾಷ್ಟ್ರಿಗೆ ಹೇಳಲು ಬಂದರೆ ಕ್ಯಾಪ್ಟನ್‌ಗೂ ಹೇಳಲು ಬರ್ತದೆ.

ಮಂಜೇಶ್ವರ ಡಾಕ್ಟ್ರು (ಏವಿಯೇಶನ್ ಮೆಡಿಸಿನ್)

ಫೀಸು ಕಟ್ಟುವ ಮೊದಲು ಕ್ಲಾಸ್ 2 ಮೆಡಿಕಲ್ (ಪೈಲಟ್ ತರಬೇತಿಗೆ ಬೇಕಾದ ವೈದ್ಯಕೀಯ ಪರೀಕ್ಷೆ) ಮಾಡಿಸಿ, ಸಾಧ್ಯವಾದರೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1ಕ್ಕೂ ಹೋಗಿಬಿಡಿ. ಬಣ್ಣ ಗುರುತಿಸುವ ತೊಂದರೆ ಹುಡುಗರಲ್ಲಿ ಹೆಚ್ಚು, ಅದು ಇದ್ದದ್ದು ಎಷ್ಟೋ ಸಲ ಈ ಪರೀಕ್ಷೆಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕಾಸರಗೋಡಿನಲ್ಲಿ ಯಾವ ಕಣ್ಣಿನ ಡಾಕ್ಟ್ರ ಹತ್ತಿರ ಹೋದರೂ ಇಶಿಹಾರ ಎಂಬ ಬಣ್ಣದ ಚುಕ್ಕೆಗಳ ಪುಸ್ತಕದಿಂದ ಐದು ನಿಮಿಷದಲ್ಲಿ ನೋಡಿ ಹೇಳ್ತಾರೆ. ಕನ್ನಡಕ ಇದ್ದರೆ ಹೆದರಬೇಡಿ, ಮಿತಿಯೊಳಗಿನ ಪವರ್‌ಗೆ ಅವಕಾಶ ಉಂಟು. ಹಿಂದೆ ಫಿಟ್ಸ್, ಅಸ್ತಮಾ, ಆಪರೇಶನ್ ಏನಾದರೂ ಆಗಿದ್ದರೆ ಆ ಕಾಗದಗಳನ್ನು ಒಯ್ಯಿರಿ, ಫಾರ್ಮಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ.